ಹಾಲಿ ಎಂಎಲ್‌ಸಿ ಸೋತ ಚುನಾವಣೆ: ಅಂಗಡಿಯವರಿಗೂ ಓಟಿಲ್ಲ, ಪ್ರೈಮರಿ ಮೇಷ್ಟ್ರಿಗೂ ಇಲ್ಲ

ಬೆಳ್ಳಾವಿ: 2024ರ ಜೂನ್ 3ರಂದು ತುಮಕೂರು ಜಿಲ್ಲೆಯಲ್ಲಿ ಒಂದು ಚುನಾವಣೆ ನಡೆದುಹೋಯ್ತು. ಮರುದಿನವೇ ಲೋಕಸಭೆ ಫಲಿತಾಂಶ. ಅಂಗಡಿ ಕಟ್ಟೆ ಮೇಲೆಲ್ಲ ಸೋಮಣ್ಣ, ಮುದ್ದಹನುಮೇಗೌಡರದ್ದೇ ಮಾತು. ಹಾಗಾಗಿ ಈ ಓಟು ಬಹಳ ಜನರ ಗಮನಕ್ಕೇ ಬರಲಿಲ್ಲ.

ಅದು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದ ಚುನಾವಣೆ. ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜೊತೆ ದಾವಣಗೆರೆಯ ಒಂದು ಭಾಗವೂ ಇದಕ್ಕೆ ಸೇರುತ್ತೆ. ಹಾಲಿ ಸದಸ್ಯ, ಬಿಜೆಪಿಯ ವೈ.ಎ. ನಾರಾಯಣಸ್ವಾಮಿ ಮತ್ತೆ ನಿಂತಿದ್ದರು. ಎದುರಿಗೆ ಕಾಂಗ್ರೆಸ್‌ನ ಡಿ.ಟಿ. ಶ್ರೀನಿವಾಸ್, ಹಿರಿಯೂರಿನ ಮಾಜಿ ಶಾಸಕಿ ಪೂರ್ಣಿಮಾ ಅವರ ಪತಿ. ಗೆದ್ದಿದ್ದು ಶ್ರೀನಿವಾಸ್.

ಹಾಲಿ ಸದಸ್ಯರಿಗೆ ಆ ಸಲ ಎಲ್ಲ ಕಡೆಯೂ ಒಂದೇ ಗಾಳಿ ಬೀಸಲಿಲ್ಲ. ನೈರುತ್ಯ ಶಿಕ್ಷಕರ ಕ್ಷೇತ್ರದಲ್ಲಿ ಜೆಡಿಎಸ್‌ನ ಭೋಜೇಗೌಡ ಸೀಟು ಉಳಿಸಿಕೊಂಡರು. ದಕ್ಷಿಣದಲ್ಲಿ ಪಕ್ಷ ಬದಲಿಸಿ ನಿಂತ ಮರಿತಿಬ್ಬೇಗೌಡರು ಸೋತರು.

ಈ ಓಟು ಯಾರದು? ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದಲ್ಲಿ ಕಳೆದ ಆರು ವರ್ಷದಲ್ಲಿ ಒಟ್ಟು ಮೂರು ವರ್ಷವಾದರೂ ಪಾಠ ಮಾಡಿದವರದ್ದು. ಪ್ರೈಮರಿ ಮೇಷ್ಟ್ರಿಗೆ ಇಲ್ಲ. ಅಂದರೆ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುವವರು 'ಶಿಕ್ಷಕರ ಕ್ಷೇತ್ರ'ದಲ್ಲಿ ಶಿಕ್ಷಕರೇ ಅಲ್ಲ! ಹೈಸ್ಕೂಲು, ಕಾಲೇಜಿನವರೂ ಪ್ರತಿ ಸಲ ಹೊಸದಾಗಿ ನಮೂನೆ 19 ತುಂಬಿಕೊಡಬೇಕು. ಹಳೇ ಪಟ್ಟಿಯಲ್ಲಿ ಹೆಸರಿತ್ತು ಅಂತ ಸುಮ್ಮನಿದ್ದರೆ ಓಟು ಹೋಯ್ತು.

ಬಟನ್ ಒತ್ತುವ ಯಂತ್ರವೂ ಇಲ್ಲಿಲ್ಲ. ಮತಪತ್ರದಲ್ಲಿ ಹೆಸರಿನ ಮುಂದೆ 1, 2, 3 ಅಂತ ಅಂಕಿ ಬರೀಬೇಕು, ಅದೂ ಮತಗಟ್ಟೆಯಲ್ಲಿ ಕೊಡುವ ಪೆನ್ನಿನಲ್ಲೇ. ಟಿಕ್ ಹಾಕಿದರೆ ಓಟು ತಿರಸ್ಕೃತ. ಸಿಂಧುವಾದ ಮತ 1,000 ಇದ್ದರೆ ಗೆಲ್ಲೋಕೆ 501 ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಸಿಗದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರದಲ್ಲಿ 2 ಅಂತ ಬರೆದಿರುವವರಿಗೆ ಆ ಓಟು ವರ್ಗಾಯಿಸುತ್ತಾರೆ. ಎಣಿಕೆ ರಾತ್ರಿಯಿಡೀ ಎಳೆಯುವುದು ಇದಕ್ಕೇ.

ಓಟಿಲ್ಲದ ಅಂಗಡಿಯವರಿಗೆ ಇದರಿಂದೇನು ಅಂತ ಕೇಳಬಹುದು. ಎಂಎಲ್‌ಸಿಗೂ ಶಾಸಕರ ಹಾಗೇ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಶಾಲೆಗೆ ಕೊಠಡಿ ಬೇಕು ಅಂತ ಅರ್ಜಿ ಕೊಡೋಕೆ ಓಟಿನ ಚೀಟಿ ಬೇಕಿಲ್ಲ.

ಬೆಳ್ಳಾವಿಗೆ ಇದು ಇನ್ನೂ ಮುಖ್ಯ. ಊರ ಹೆಸರಲ್ಲೇ ಇದ್ದ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಯ್ತು. 2004ರಲ್ಲಿ ಇಲ್ಲಿಂದ ಕೊನೆಯದಾಗಿ ಗೆದ್ದವರು ಕೆ.ಎನ್. ರಾಜಣ್ಣ. ಅವರ ಮಗ ಆರ್. ರಾಜೇಂದ್ರ 2021ರಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಎಂಎಲ್‌ಸಿ ಆದರು. ಅಲ್ಲಿ ಓಟು ಹಾಕುವವರಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರೂ ಇದ್ದಾರೆ. ಅವರನ್ನು ಆರಿಸುವವರು ಮಾತ್ರ ನಾವೇ.

ಪರಿಷತ್ತಿನ ಅವಧಿ ಆರು ವರ್ಷ. ಶಿಕ್ಷಕರ ಕ್ಷೇತ್ರಕ್ಕೆ ಮುಂದಿನ ಓಟು 2030ಕ್ಕೆ.