ಮೀನು ಸಂಸ್ಕರಣಾ ಘಟಕಗಳಲ್ಲಿ ಬ್ಯಾಕ್ಟೀರಿಯಾ: ಲೆಕ್ಕಪತ್ರದಲ್ಲಿ ಕಾಣದ ಹೊಣೆಗಾರಿಕೆ

1997ರ ಆಗಸ್ಟ್ ತಿಂಗಳಿನಲ್ಲಿ ಯುರೋಪಿಯನ್ ಒಕ್ಕೂಟವು ಭಾರತದ ಮತ್ಸ್ಯೋತ್ಪನ್ನಗಳ ಆಮದನ್ನು ನಿಷೇಧಿಸಿತು. ಘಟಕಗಳ ನೈರ್ಮಲ್ಯದಲ್ಲಿ ಕಂಡುಬಂದ ನ್ಯೂನತೆಗಳೇ ಇದಕ್ಕೆ ಮುಖ್ಯ ಕಾರಣ. ವರ್ಷಾಂತ್ಯದಲ್ಲಿ, ಅನುಮೋದನೆ ಪಡೆದ ಘಟಕಗಳಿಗೆ ಮಾತ್ರ ಆ ಮಾರುಕಟ್ಟೆ ಮತ್ತೆ ತೆರೆಯಿತು. ಇಲ್ಲಿ ಉದ್ಯಮಿಗಳು ಗಮನಿಸಬೇಕಾದ ಅಂಶವೊಂದಿದೆ. ನಿಷೇಧವು ಜಾರಿಯಾದಾಗ ಶುದ್ಧ ಘಟಕ, ಅಶುದ್ಧ ಘಟಕವೆಂಬ ಭೇದವನ್ನೆಣಿಸಲಿಲ್ಲ. ಕೆಲವರ ಅಲಕ್ಷ್ಯಕ್ಕೆ ಎಲ್ಲರೂ ಬೆಲೆ ತೆರಬೇಕಾಯಿತು.

ಆಗತಾನೆ ಹಿಡಿದ ಆರೋಗ್ಯವಂತ ಮೀನಿನ ಮಾಂಸದೊಳಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ಚರ್ಮ, ಕಿವಿರು ಮತ್ತು ಕರುಳಿನಲ್ಲಿರುತ್ತವೆ. ಸಾಲ್ಮೊನೆಲ್ಲಾ ಎಂಬುದು ಬಹುಮಟ್ಟಿಗೆ ಕಲುಷಿತ ನೀರು, ಮಂಜುಗಡ್ಡೆ, ಕೆಲಸಗಾರರ ಕೈ ಹಾಗೂ ಪಕ್ಷಿಗಳ ಹಿಕ್ಕೆಯ ಮೂಲಕ ಸೇರುವಂಥದ್ದು. ಲಿಸ್ಟೀರಿಯಾ ಇನ್ನೂ ಹಟಮಾರಿ. ಚರಂಡಿ, ನೆಲದ ಬಿರುಕು, ಯಂತ್ರದ ಸಂದುಗಳಲ್ಲಿ ಲೋಳೆಯಂತಹ ಪದರ ಕಟ್ಟಿಕೊಂಡು, 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಬೆಳೆಯುತ್ತದೆ. ಘನೀಕರಣವು ಈ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವುಗಳನ್ನು ಪೂರ್ತಿ ಕೊಲ್ಲುವುದಿಲ್ಲ.

ನಮ್ಮ ಕರಾವಳಿಯ ಬಂಗುಡೆ, ಬೂತಾಯಿಗಳ ವಿಷಯದಲ್ಲಿ ಮತ್ತೊಂದು ಅಪಾಯವಿದೆ. ಹಿಡಿದ ಮೀನನ್ನು ತಡವಿಲ್ಲದೆ ಮಂಜುಗಡ್ಡೆಯಲ್ಲಿಡದಿದ್ದರೆ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಿಷವಸ್ತುವನ್ನು ಉತ್ಪಾದಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು. ದೋಣಿಯಲ್ಲಿ ಉಳಿಸಿದ ಮಂಜುಗಡ್ಡೆಯ ಹಣವನ್ನು ಕಾರ್ಖಾನೆಯಲ್ಲಿ ಮರಳಿ ಗಳಿಸಲಾಗದು.

"ಸರಕು ಕಳುಹಿಸುವ ಮುನ್ನ ಪರೀಕ್ಷೆ ಮಾಡಿಸುತ್ತೇವಲ್ಲ" ಎಂದು ಅನೇಕರು ಸಮಾಧಾನಪಡುವುದುಂಟು. ನೂರರಲ್ಲಿ ಒಂದು ಪೆಟ್ಟಿಗೆ ಮಾತ್ರ ಕಲುಷಿತವಾಗಿದೆಯೆಂದು ಭಾವಿಸೋಣ. ಐದು ಪೆಟ್ಟಿಗೆಗಳ ಮಾದರಿ ತೆಗೆದರೆ ದೋಷವು ಪತ್ತೆಯಾಗುವ ಸಂಭವ ಸುಮಾರು ಶೇ. 5 ಮಾತ್ರ! ಲೆಕ್ಕಪರಿಶೋಧನೆಯಲ್ಲಿಯೂ ಇದೇ ನ್ಯಾಯ. ಕೆಲವು ವೋಚರುಗಳನ್ನು ಮಾತ್ರ ನೋಡಿ ಎಲ್ಲ ತಪ್ಪುಗಳನ್ನು ಹಿಡಿಯಲಾಗದು. ಸಂಸ್ಥೆಯ ಆಂತರಿಕ ನಿಯಂತ್ರಣವೇ ಬಲವಾಗಿರಬೇಕು.

ಹೆಚ್.ಎ.ಸಿ.ಸಿ.ಪಿ. ಎಂಬ ಪದ್ಧತಿಯ ತಿರುಳು ಇದೇ. ಅಮೆರಿಕವು ತನಗೆ ಮೀನು ಪೂರೈಸುವ ಸಂಸ್ಕರಣಕಾರರಿಗೆ ಇದನ್ನು 1997ರ ಡಿಸೆಂಬರ್‌ನಿಂದ ಕಡ್ಡಾಯಗೊಳಿಸಿತು. ಅಪಾಯವಿರುವ ಹಂತಗಳನ್ನು ಗುರುತಿಸುವುದು, ಉಷ್ಣತೆ ಹಾಗೂ ಸಮಯಕ್ಕೆ ಮಿತಿ ಗೊತ್ತುಪಡಿಸುವುದು, ಮಿತಿ ಮೀರಿದಾಗ ಕೈಗೊಳ್ಳಬೇಕಾದ ಕ್ರಮವನ್ನು ಮೊದಲೇ ನಿರ್ಧರಿಸುವುದು, ಎಲ್ಲವನ್ನೂ ಆಗಿಂದಾಗ ದಾಖಲಿಸುವುದು, ಇವು ಅದರ ಅಂಗಗಳು. ದಿನದ ಕೊನೆಗೆ ಒಟ್ಟಾಗಿ ತುಂಬಿದ ಉಷ್ಣತೆಯ ಪುಸ್ತಕವು ಸುಳ್ಳು ನಗದು ಪುಸ್ತಕಕ್ಕೆ ಸಮಾನ.

ಕ್ಲೋರಿನ್, ಕೈತೊಳೆಯುವ ತೊಟ್ಟಿ, ಚರಂಡಿಯ ದುರಸ್ತಿ, ತರಬೇತಿ ಇವೆಲ್ಲ ಲಾಭನಷ್ಟದ ಪಟ್ಟಿಯಲ್ಲಿ ವೆಚ್ಚವಾಗಿ ಕಾಣುತ್ತವೆ. ಆದರೆ ತಿರಸ್ಕೃತಗೊಂಡು ಮರಳಿದ ಒಂದೇ ಕಂಟೈನರಿನ ಸರಕಿನ ಬೆಲೆ, ಎರಡು ಕಡೆಯ ಸಾಗಣೆ, ಬ್ಯಾಂಕಿನ ಬಡ್ಡಿ ಮತ್ತು ಕೈತಪ್ಪಿದ ಗ್ರಾಹಕನನ್ನು ಒಂದು ಹಾಳೆಯಲ್ಲಿ ಬರೆದು ಕೂಡಿಸಿ ನೋಡಬೇಕು. ಮುಂದಿನ ಆಯವ್ಯಯವನ್ನು ಸಿದ್ಧಪಡಿಸುವಾಗ ಸದಸ್ಯರು ಈ ಹಾಳೆಯನ್ನು ಮುಂದಿಟ್ಟುಕೊಳ್ಳುವುದು ಒಳಿತು.