ಕಂಚಿನಲ್ಲಿ ಉಳಿದ ನೆನಪು: ಪ್ರಾಚೀನ ಚೀನದ ಎರಕದ ಪಾತ್ರೆಗಳು

ಲೋಹವೆಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುವು ಕತ್ತಿ, ಈಟಿ, ಕೊಡಲಿ, ನೇಗಿಲಿನ ಗುಳ ಮೊದಲಾದ ಉಪಕರಣಗಳು. ಪ್ರಾಚೀನ ಚೀನದವರೂ ಕಂಚಿನಿಂದ ಆಯುಧಗಳನ್ನು ಮಾಡಿಕೊಂಡರು. ಆದರೆ ತಮ್ಮಲ್ಲಿದ್ದ ಅತ್ಯುತ್ತಮ ಕುಶಲತೆಯನ್ನೂ ಅಪಾರ ಪ್ರಮಾಣದ ಲೋಹವನ್ನೂ ಅವರು ಮೀಸಲಾಗಿರಿಸಿದ್ದು ಪಾತ್ರೆಗಳಿಗೆ. ಅದೂ ನಿತ್ಯದ ಅಡಿಗೆಯ ಪಾತ್ರೆಗಳಿಗಲ್ಲ, ಗತಿಸಿದ ಹಿರಿಯರಿಗೆ ಎಡೆಯಿಡುವ ಪಾತ್ರೆಗಳಿಗೆ. ಈ ಪಾತ್ರೆಗಳು ಹೇಗೆ ನಿರ್ಮಾಣಗೊಂಡವು, ಅವುಗಳಲ್ಲಿ ಏನನ್ನು ಬರೆಯಿಸಲಾಯಿತು, ಮೂರು ಸಾವಿರ ವರ್ಷಗಳ ತರುವಾಯವೂ ಅವು ಹೇಗೆ ಉಳಿದುಬಂದವು ಎಂಬುದನ್ನು ತಿಳಿಯುವುದು ಬೋಧಪ್ರದವಾಗಿದೆ.

ಹೆನಾನ್ ಪ್ರಾಂತದ ಎರ್ಲಿತೌ ಎಂಬಲ್ಲಿ ದೊರೆತಿರುವ ಕಂಚಿನ ಪಾತ್ರೆಗಳು ಚೀನದ ಅತಿ ಪ್ರಾಚೀನ ಕಂಚಿನ ಪಾತ್ರೆಗಳ ಸಾಲಿಗೆ ಸೇರುತ್ತವೆ. ಅನಂತರ ಬಂದ ಶಾಂಗ್ ಅರಸರ ಕಾಲದಲ್ಲಿ ಈ ಕಲೆ ಉನ್ನತ ಶಿಖರವನ್ನು ಮುಟ್ಟಿತು. ಸುಮಾರು ಕ್ರಿ. ಪೂ. 1046ರಲ್ಲಿ ಶಾಂಗರನ್ನು ಸೋಲಿಸಿದ ಝೌ ವಂಶದವರು ಅದನ್ನು ಮುಂದುವರಿಸಿದರು. ಪಾತ್ರೆಗಳಲ್ಲಿ ಹಲವು ಬಗೆ. ಮೂರು ಅಥವಾ ನಾಲ್ಕು ಕಾಲುಗಳ ಮೇಲೆ ನಿಲ್ಲುವ 'ಡಿಂಗ್' ಮಾಂಸದ ಎಡೆಗೆ, 'ಗುಯ್' ಧಾನ್ಯದ ಎಡೆಗೆ, 'ಜುವೆ' ಮತ್ತು 'ಝುನ್' ಧಾನ್ಯದಿಂದ ತಯಾರಿಸಿದ ಮದ್ಯದ ಅರ್ಪಣೆಗೆ ಬಳಕೆಯಾಗುತ್ತಿದ್ದವು. ಝೌ ಸಂಪ್ರದಾಯದ ಪ್ರಕಾರ ಅರಸನಿಗೆ ಒಂಬತ್ತು ಡಿಂಗ್, ಮಾಂಡಲಿಕನಿಗೆ ಏಳು. ಹೀಗೆ ಪಾತ್ರೆಗಳ ಸಂಖ್ಯೆಯೇ ಒಡೆಯನ ಅಂತಸ್ತನ್ನು ಸೂಚಿಸುತ್ತಿತ್ತು.

ಈ ಪಾತ್ರೆಗಳ ನಿರ್ಮಾಣ ವಿಧಾನವು ವಿಶೇಷವಾಗಿ ಗಮನಾರ್ಹವಾದುದು. ಭಾರತದಲ್ಲಿ ಲೋಹದ ವಿಗ್ರಹಗಳನ್ನು ಮೇಣದ ಎರಕದಿಂದ ಮಾಡುವ ಪದ್ಧತಿ ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅದರ ವಿವರಣೆ ಇದೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ರೂಪಿಸಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ತೆರಪಿಗೆ ಕರಗಿದ ಲೋಹವನ್ನು ಹೊಯ್ಯುವುದು ಅದರ ಕ್ರಮ. ಶಾಂಗ್ ಕಾಲದ ಕಂಚುಗಾರರು ಅನುಸರಿಸಿದ ದಾರಿ ಬೇರೆ. ಅವರು ಪಾತ್ರೆಯ ಮಾದರಿಯನ್ನು ಮಣ್ಣಿನಲ್ಲಿಯೇ ಮಾಡುತ್ತಿದ್ದರು. ಅದರ ಸುತ್ತ ಹದವಾದ ಮಣ್ಣನ್ನು ಒತ್ತಿ, ಅಚ್ಚು ಮೂಡಿದ ಮೇಲೆ ಅದನ್ನು ಹಲವು ಹೋಳುಗಳಾಗಿ ಕೊಯ್ದು ಬಿಡಿಸುತ್ತಿದ್ದರು. ಬಳಿಕ ಒಳಗಿನ ಮಾದರಿಯ ಮೈಯನ್ನು ಹೆರೆದು ತೆಳುವಾಗಿಸುತ್ತಿದ್ದರು. ಎಷ್ಟು ಹೆರೆದರೋ ಅಷ್ಟೇ ಪಾತ್ರೆಯ ದಪ್ಪ. ಸುಟ್ಟು ಗಟ್ಟಿಗೊಳಿಸಿದ ಹೋಳುಗಳನ್ನು ಮತ್ತೆ ಅದರ ಸುತ್ತ ಜೋಡಿಸಿ, ನಡುವಿನ ತೆರಪು ಕದಲದಂತೆ ಅಲ್ಲಲ್ಲಿ ಕಂಚಿನ ಚಿಕ್ಕ ಚೂರುಗಳನ್ನಿಟ್ಟು, ಎರಕ ಹೊಯ್ಯುತ್ತಿದ್ದರು. ಲೋಹ ಆರಿದ ಮೇಲೆ ಅಚ್ಚನ್ನು ಒಡೆದರೆ ಪಾತ್ರೆ ಹೊರಬರುತ್ತಿತ್ತು. ಪಾತ್ರೆಗಳ ಮೈಮೇಲೆ ನೇರವಾಗಿ ಎದ್ದು ನಿಂತ ಏಣುಗಳು ಬಹುಮಟ್ಟಿಗೆ ಅಚ್ಚಿನ ಹೋಳುಗಳು ಕೂಡುವ ಗೆರೆಯ ಮೇಲೆಯೇ ಇವೆ. ಕೂಡುಗೆರೆಯ ದೋಷವನ್ನು ಅಲಂಕಾರವಾಗಿ ಮಾರ್ಪಡಿಸಿದ ಜಾಣ್ಮೆ ಇಲ್ಲಿ ಕಾಣುತ್ತದೆ. ಆದುದರಿಂದ ಈ ಕಲೆಯ ಅಡಿಪಾಯ ಲೋಹಕ್ಕಿಂತ ಮೊದಲು ಮಣ್ಣಿನಲ್ಲಿದೆ. ಕುಂಬಾರಿಕೆಯಲ್ಲಿ ಶತಮಾನಗಳಿಂದ ಪಳಗಿದ ಕೈಗಳಿಲ್ಲದೆ ಇಂತಹ ಎರಕ ಸಾಧ್ಯವಾಗುತ್ತಿರಲಿಲ್ಲ.

ಕಂಚು ತಾಮ್ರ ಮತ್ತು ತವರಗಳ ಮಿಶ್ರಣ. ಚೀನದಲ್ಲಿ ಅದಕ್ಕೆ ಸೀಸವನ್ನೂ ಸೇರಿಸುತ್ತಿದ್ದರು. ಸೀಸ ಸೇರಿದ ಲೋಹ ಸರಾಗವಾಗಿ ಹರಿದು ಅಚ್ಚಿನ ಸೂಕ್ಷ್ಮ ಗೆರೆಗಳನ್ನೂ ತುಂಬುತ್ತದೆ. ಗಂಟೆ, ಕೊಡಲಿ, ಕತ್ತಿ, ಕನ್ನಡಿ ಮೊದಲಾದವುಗಳಿಗೆ ತವರದ ಪ್ರಮಾಣ ಎಷ್ಟಿರಬೇಕೆಂಬ ಆರು ಸೂತ್ರಗಳು 'ಕಾವೊ ಗೊಂಗ್ ಜಿ' ಎಂಬ ಪ್ರಾಚೀನ ಶಿಲ್ಪಗ್ರಂಥದಲ್ಲಿವೆ. ಚೀನದ ಪ್ರಾಚೀನ ಕಂಚಿನ ಪಾತ್ರೆಗಳಲ್ಲೆಲ್ಲ ಅತ್ಯಂತ ಭಾರವಾದುದು ಆನ್‌ಯಾಂಗ್ ಬಳಿಯಲ್ಲಿ 1939ರಲ್ಲಿ ದೊರೆತ ಹೌಮುವು ಡಿಂಗ್. ಅದರ ತೂಕ 832.84 ಕಿಲೋಗ್ರಾಂ, ಎತ್ತರ 133 ಸೆಂಟಿಮೀಟರ್. ಶಾಂಗ್ ಅರಸನೊಬ್ಬನು ತನ್ನ ತಾಯಿಯ ಸ್ಮರಣಾರ್ಥವಾಗಿ ಇದನ್ನು ಮಾಡಿಸಿದನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇಂತಹ ಎರಕಕ್ಕೆ ಹಲವು ಮೂಸೆಗಳೂ ಅನೇಕ ಜನರ ಒಮ್ಮನದ ದುಡಿಮೆಯೂ ಅವಶ್ಯ. ಆದರೆ ಮಾಡಿದವರ ಹೆಸರು ಅದರಲ್ಲಿಲ್ಲ. ಇರುವುದು ತಾಯಿಯ ಹೆಸರೊಂದೇ.

ಪಾತ್ರೆಯ ಒಳಮೈಯಲ್ಲಿ ಅಕ್ಷರಗಳನ್ನು ಮೂಡಿಸುವ ರೂಢಿ ಝೌ ಕಾಲದಲ್ಲಿ ಬಹುವಾಗಿ ಬೆಳೆಯಿತು. ಅರಸನಿಂದ ಪಡೆದ ಅಧಿಕಾರ, ಉಡುಗೊರೆ, ಯುದ್ಧದ ಗೆಲವು, ಭೂಮಿಯ ಒಪ್ಪಂದ ಇವೆಲ್ಲ ಅಲ್ಲಿ ದಾಖಲಾದವು. ಮಕ್ಕಳೂ ಮೊಮ್ಮಕ್ಕಳೂ ಇದನ್ನು ಎಂದೆಂದಿಗೂ ಕಾಪಾಡಿ ಬಳಸಲಿ ಎಂಬ ಆಶಯದೊಂದಿಗೆ ಅನೇಕ ಲೇಖಗಳು ಮುಗಿಯುತ್ತವೆ. 291 ಅಕ್ಷರಗಳ ದಾ ಯು ಡಿಂಗ್‌ನ ಲೇಖದಲ್ಲಿ ಝೌ ಅರಸನು ತನ್ನ ಅಧಿಕಾರಿಗೆ ಬುದ್ಧಿ ಹೇಳುತ್ತಾನೆ. ಶಾಂಗರ ಅಧಿಕಾರಿಗಳು ಮದ್ಯಪಾನದಲ್ಲಿ ಮುಳುಗಿದ್ದರಿಂದಲೇ ಅವರ ರಾಜ್ಯ ಕೈತಪ್ಪಿತು ಎಂಬ ಎಚ್ಚರಿಕೆ ಅದರಲ್ಲಿದೆ. ಎಡೆಯ ಪಾತ್ರೆ ಹೀಗೆ ಇತಿಹಾಸದ ಪುಟವೂ ನೀತಿಯ ಪಾಠವೂ ಆಯಿತು.

ಭೂಮಿಯೊಳಗಿನ ಈ ಸಂಪತ್ತು ಬಹುಕಾಲದಿಂದ ಗೋರಿಗಳ್ಳರ ಪಾಲಾಗುತ್ತಿತ್ತು. ಗೋರಿಯಿಂದ ಕದ್ದ ಪಾತ್ರೆಗೆ ಬೆಲೆ ಬರಬಹುದು. ಆದರೆ ಅದು ಯಾರದು, ಯಾವುದರ ಜೊತೆಗಿತ್ತು ಎಂಬ ತಿಳಿವಳಿಕೆ ಅಳಿದುಹೋಗುತ್ತದೆ. 1976ರಲ್ಲಿ ಆನ್‌ಯಾಂಗ್‌ನಲ್ಲಿ ಕಳ್ಳರ ಕೈ ಸೋಕದ ಗೋರಿಯೊಂದು ದೊರೆತುದು ಈ ಕಾರಣದಿಂದ ಮಹತ್ವದ ಘಟನೆ. ಅದು ಅರಸ ವು ಡಿಂಗ್‌ನ ರಾಣಿ ಫು ಹಾವೊ ಎಂಬಾಕೆಯದು. ಅಲ್ಲಿ 468 ಕಂಚಿನ ವಸ್ತುಗಳಿದ್ದವು; ಅನೇಕ ಪಾತ್ರೆಗಳಲ್ಲಿ ಆಕೆಯ ಹೆಸರೇ ಇತ್ತು. ಸೇನೆಯನ್ನು ನಡೆಸಿದವಳೆಂದು ಎಲುಬಿನ ಮೇಲಿನ ಲೇಖಗಳಿಂದ ತಿಳಿದಿದ್ದ ಈ ರಾಣಿಯ ಚರಿತ್ರೆಗೆ ಭೂಮಿಯೇ ಸಾಕ್ಷ್ಯ ನುಡಿದಂತಾಯಿತು. ಎರಡು ವರ್ಷಗಳ ಬಳಿಕ, 1978ರಲ್ಲಿ, ಹುಬೆಯ್ ಪ್ರಾಂತದಲ್ಲಿ ಝೆಂಗ್ ಸಂಸ್ಥಾನದ ಒಡೆಯ ಯಿ ಎಂಬವನ ಗೋರಿಯಿಂದ 65 ಕಂಚಿನ ಗಂಟೆಗಳನ್ನು ಹೊರತೆಗೆಯಲಾಯಿತು. ಬಾದಾಮಿಯಾಕಾರದ ಬಾಯಿಯ ಈ ಗಂಟೆಗಳಲ್ಲಿ ಒಂದೊಂದೂ ಬಡಿದ ಸ್ಥಾನಕ್ಕೆ ತಕ್ಕಂತೆ ಎರಡು ಸ್ವರಗಳನ್ನು ಕೊಡುತ್ತದೆ. ಸುಮಾರು 2400 ವರ್ಷ ಮಣ್ಣಿನಲ್ಲಿದ್ದರೂ ಅವುಗಳ ನಾದ ಕೆಟ್ಟಿರಲಿಲ್ಲ.

ಕಂಚು ದೀರ್ಘಕಾಲ ಬಾಳುವ ಲೋಹವೆಂಬುದು ನಿಜ. ಆದರೆ ಅದನ್ನು ಕರಗಿಸುವುದೂ ಸುಲಭ. ಶೆನ್ಸಿ ಪ್ರಾಂತದ ಬಾವೊಜಿಯಲ್ಲಿ 1963ರಲ್ಲಿ ದೊರೆತ ಪಾತ್ರೆಯೊಂದು 1965ರಲ್ಲಿ ಗುಜರಿಯ ಪಾಲಾಗಿತ್ತು. ವಸ್ತುಸಂಗ್ರಹಾಲಯದ ಸಿಬ್ಬಂದಿ ಅದನ್ನು ಗುರುತಿಸಿ ಕೊಂಡುತಂದರು. ಹತ್ತು ವರ್ಷಗಳ ಬಳಿಕ, 1975ರಲ್ಲಿ, ವಿದ್ವಾಂಸರಾದ ಮಾ ಚೆಂಗ್‌ಯುವಾನ್ ಅವರು ಕಿಲುಬಿನಡಿಯಲ್ಲಿ 122 ಅಕ್ಷರಗಳ ಲೇಖವಿರುವುದನ್ನು ಕಂಡರು. 'ಹೆ ಝುನ್' ಎಂದು ಖ್ಯಾತವಾದ ಈ ಪಾತ್ರೆಯಲ್ಲಿಯೇ, ಚೀನವು ಇಂದಿಗೂ ತನ್ನನ್ನು ಕರೆದುಕೊಳ್ಳುವ 'ಝೊಂಗ್ ಗುವೊ', ಅಂದರೆ 'ನಡುನಾಡು', ಎಂಬ ಪದವು ಈವರೆಗೆ ದೊರೆತ ದಾಖಲೆಗಳಲ್ಲೆಲ್ಲ ಮೊದಲ ಬಾರಿಗೆ ಕಾಣಿಸಿಕೊಂಡಿದೆ. ಒಂದು ದೇಶದ ಹೆಸರಿನ ಮೊದಲ ಸಾಕ್ಷ್ಯ ಕುಲುಮೆಯ ಬಾಯಿಂದ ಪಾರಾಗಿ ಬಂದಿತು.

ದಾ ಯು ಡಿಂಗ್ ಮತ್ತು ದಾ ಕೆ ಡಿಂಗ್ ಎಂಬ ಎರಡು ಮಹಾಪಾತ್ರೆಗಳ ಚರಿತ್ರೆ ಇನ್ನೂ ಮನಮುಟ್ಟುವಂತಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾನ್ ಝುಯಿನ್ ಎಂಬ ಅಧಿಕಾರಿಯ ಸಂಗ್ರಹದಲ್ಲಿದ್ದ ಅವು ಸುಝೌ ನಗರದ ಪಾನ್ ಮನೆತನದ ಸ್ವತ್ತಾದವು. 1937ರಲ್ಲಿ ಜಪಾನಿನ ಸೇನೆ ಆ ನಗರವನ್ನು ಆಕ್ರಮಿಸಿದಾಗ, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿದ್ದ ಆ ಮನೆಯ ಸೊಸೆ ಪಾನ್ ದಾಯು ಅವರೂ ಮನೆಯವರೂ ಅವುಗಳನ್ನು ಮರದ ಪೆಟ್ಟಿಗೆಯಲ್ಲಿರಿಸಿ ಮನೆಯೊಳಗೆ ನೆಲದಲ್ಲಿ ಹೂತಿಟ್ಟರು. ಸೈನಿಕರ ಶೋಧಕ್ಕೆ ಅವು ಸಿಕ್ಕಲಿಲ್ಲ. 1951ರಲ್ಲಿ ಪಾನ್ ದಾಯು ಅವರು ಎರಡನ್ನೂ ಸಾರ್ವಜನಿಕರ ವೀಕ್ಷಣೆಗಾಗಿ ದಾನವಾಗಿ ಒಪ್ಪಿಸಿದರು. ಇಂದು ದಾ ಕೆ ಡಿಂಗ್ ಶಾಂಘಾಯ್ ವಸ್ತುಸಂಗ್ರಹಾಲಯದಲ್ಲಿಯೂ, ದಾ ಯು ಡಿಂಗ್ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಯೂ ಇವೆ.

ತಮ್ಮ ವಂಶದ ಮಕ್ಕಳು ಮೊಮ್ಮಕ್ಕಳು ಕಾಪಾಡಲೆಂದು ಪಾತ್ರೆಗಳನ್ನು ಮಾಡಿಸಿದವರ ವಂಶಗಳು ಎಂದೋ ಇತಿಹಾಸದಲ್ಲಿ ಮರೆಯಾದವು. ಆದರೂ ಅವರ ಆಶಯ ವ್ಯರ್ಥವಾಗಲಿಲ್ಲ. ಗುಜರಿಯ ರಾಶಿಯಲ್ಲಿ ಪಾತ್ರೆಯನ್ನು ಗುರುತಿಸಿದವರೂ, ಕಿಲುಬಿನಡಿಯ ಅಕ್ಷರವನ್ನು ಓದಿದವರೂ, ಮನೆಯ ನೆಲದಲ್ಲಿ ಅದನ್ನು ಬಚ್ಚಿಟ್ಟು ಕೊನೆಗೆ ಎಲ್ಲರಿಗಾಗಿ ಬಿಟ್ಟುಕೊಟ್ಟವರೂ ಆ ಮಕ್ಕಳ ಸ್ಥಾನದಲ್ಲಿ ನಿಂತರು. ಹಿರಿಯರು ಬಿಟ್ಟುಹೋದುದು ಉಳಿಯುವುದು ಲೋಹದ ಗಟ್ಟಿತನದಿಂದ ಮಾತ್ರವಲ್ಲ. ಅದರ ಬೆಲೆಯನ್ನು ಅರಿತು, ತಮ್ಮದೆಂದು ಕಾಯ್ದು, ಬಳಿಕ ತಮ್ಮದಷ್ಟೇ ಅಲ್ಲವೆಂದು ಸಮಾಜಕ್ಕೆ ಒಪ್ಪಿಸುವವರಿಂದ ಎಂಬುದನ್ನು ಈ ಕಂಚಿನ ಪಾತ್ರೆಗಳು ಸಾರುತ್ತವೆ.