ಎಂಜಿನು ನಿಂತಾಗ

ಎಂಜಿನು ನಿಂತೊಡನೆ ವಿಮಾನವು ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಅದು ನಿಜವಲ್ಲ. ಆಕಾಶದಲ್ಲಿ ರೆಕ್ಕೆ ಬಡಿಯದೆ ಬಹಳ ಹೊತ್ತು ತೇಲುವ ಹದ್ದನ್ನು ಗಮನಿಸಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಸುತ್ತ ಹರಿಯುವ ಗಾಳಿ. ಆ ಹರಿವಿಗೆ ಬೇಕಾದ ವೇಗವನ್ನು ಒದಗಿಸುವುದು ಎಂಜಿನಿನ ಕೆಲಸ. ಎಂಜಿನು ನಿಂತಾಗ ಚಾಲಕನು ತನ್ನಲ್ಲಿರುವ ಎತ್ತರವನ್ನು ವ್ಯಯಮಾಡಿ ವೇಗವನ್ನು ಪಡೆಯಬೇಕಾಗುತ್ತದೆ.

ಹಾರಾಟವನ್ನು ಕಲಿಸುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂದೇ ಎಂಜಿನು ಇರುತ್ತದೆ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲ ಬಾರಿಗೆ ಹಾರಿದ ಎಚ್.ಟಿ.-2 ಅಂಥದೊಂದು. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಸೆಸ್ನಾ 172 ಇನ್ನೊಂದು. ಎಂಜಿನು ನಿಂತ ಸೆಸ್ನಾ ಒಂದು ಮೀಟರು ಇಳಿಯುವಷ್ಟರಲ್ಲಿ ಸುಮಾರು 9 ಮೀಟರು ಮುಂದೆ ಸಾಗಬಲ್ಲದು. ಗಾಳಿ ಸ್ತಬ್ಧವಾಗಿದ್ದರೆ 1,000 ಮೀಟರು ಎತ್ತರದಿಂದ ಸುಮಾರು 9 ಕಿಲೋಮೀಟರು ತೇಲಬಲ್ಲದು. ಗಂಟೆಗೆ ಸುಮಾರು 120 ಕಿಲೋಮೀಟರು ವೇಗವನ್ನು ಕಾಯ್ದುಕೊಂಡಾಗ ಮಾತ್ರ ಇದು ಸಾಧ್ಯ. ಹೀಗೆ ದೊರೆಯುವ ಕಾಲ ನಾಲ್ಕೂವರೆ ನಿಮಿಷ.

ಎಂಜಿನು ನಿಲ್ಲಲು ಕಾರಣಗಳು ಹಲವು. ಇಂಧನ ಮುಗಿದಿರಬಹುದು, ಅದರಲ್ಲಿ ನೀರು ಬೆರೆತಿರಬಹುದು. ಇನ್ನೊಂದು ಕಾರಣ ವಿಚಿತ್ರವಾದುದು. ಇಂಧನವನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನಲ್ಲಿ ಇಂಧನವು ಆವಿಯಾಗುವಾಗ ಉಷ್ಣತೆ ತೀವ್ರವಾಗಿ ಇಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಬೆಚ್ಚನೆಯ ದಿನದಲ್ಲೂ ಅಲ್ಲಿ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚಬಹುದು. ಆಗ ಬಿಸಿಗಾಳಿಯನ್ನು ಒಳಬಿಡುವ ಸನ್ನೆಯನ್ನು ಚಾಲಕನು ಎಳೆಯುತ್ತಾನೆ. ಕಿಡಿ ಹೊತ್ತಿಸುವ ವ್ಯವಸ್ಥೆಯಂತೂ ಜೋಡಿಯಾಗಿಯೇ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಎಂಜಿನನ್ನು ನಡೆಸುತ್ತದೆ.

ಎಂಜಿನು ನಿಂತ ಕೂಡಲೇ ಚಾಲಕನು ವಿಮಾನದ ಮೂತಿಯನ್ನು ತಗ್ಗಿಸಿ ತೇಲುವ ವೇಗವನ್ನು ಸಾಧಿಸಬೇಕು. ಅನಂತರ ಕೊಯ್ಲಾದ ಹೊಲವನ್ನೋ ಬೀಳುಭೂಮಿಯನ್ನೋ ಆರಿಸಿಕೊಳ್ಳಬೇಕು. ಮರಗಳೂ ವಿದ್ಯುತ್ ತಂತಿಗಳೂ ಅಲ್ಲಿರಬಾರದು. ಆಮೇಲೆ ಕಾರಣವನ್ನು ಹುಡುಕಬೇಕು. ರೇಡಿಯೋ ಮೂಲಕ ನೆರವನ್ನು ಕೋರಬೇಕು. ಗಾಳಿಗೆ ಎದುರಾಗಿ ಇಳಿದರೆ ನೆಲದ ಮೇಲಿನ ವೇಗ ಕಡಿಮೆಯಾಗುತ್ತದೆ. ಎಂಜಿನು ಮತ್ತೆ ನಡೆಯದಿದ್ದರೆ, ನೆಲ ಮುಟ್ಟುವ ಮುನ್ನ ಇಂಧನವನ್ನೂ ವಿದ್ಯುತ್ತನ್ನೂ ನಿಲ್ಲಿಸಬೇಕು.

ವಿಮಾನವು ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ಎಂಜಿನು ನಿಂತರೆ ಅಪಾಯ ಹೆಚ್ಚು. ಹಿಂದೆ ಉಳಿದ ಓಡುದಾರಿಯ ಕಡೆಗೆ ಮನಸ್ಸು ಎಳೆಯುತ್ತದೆ. ಆದರೆ ವಿಮಾನವನ್ನು ಓರೆಮಾಡಿ ತಿರುಗಿಸಿದಂತೆ ಎತ್ತರ ಬೇಗ ಕಳೆಯುತ್ತದೆ. ನೆಲ ಹತ್ತಿರವಾದುದನ್ನು ಕಂಡು ಬೆದರಿದ ಚಾಲಕನು ಮೂತಿಯನ್ನು ಮೇಲೆತ್ತುತ್ತಾನೆ. ವೇಗ ಕುಗ್ಗುತ್ತದೆ, ರೆಕ್ಕೆಗಳ ಮೇಲಿನ ಗಾಳಿಯ ಹರಿವು ಒಡೆಯುತ್ತದೆ. ಇದನ್ನು ಸ್ಟಾಲ್ ಎನ್ನುವರು. ಆಗ ವಿಮಾನವು ನಿಜವಾಗಿಯೂ ಕಲ್ಲಿನಂತೆ ಬೀಳಬಹುದು; ಸರಿಪಡಿಸಲು ಎತ್ತರವಿರುವುದಿಲ್ಲ. ಆದುದರಿಂದ, ಎತ್ತರ ಸಾಲದಿದ್ದಾಗ ಬಹುಮಟ್ಟಿಗೆ ನೇರವಾಗಿ ಮುಂದೆಯೇ ಇಳಿಯಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸಲಾಗುತ್ತದೆ.

ಈ ವಿವೇಕವು ಅಭ್ಯಾಸದಿಂದ ಬರುತ್ತದೆ. ಹಾರಾಟದ ನಡುವೆ ಶಿಕ್ಷಕನು ಎಂಜಿನಿನ ಶಕ್ತಿಯನ್ನು ಥಟ್ಟನೆ ತಗ್ಗಿಸಿ, ಎಲ್ಲಿ ಇಳಿಯುವೆಯೆಂದು ಶಿಷ್ಯನನ್ನು ಕೇಳುತ್ತಾನೆ. ಹೊಲದಲ್ಲಿ ಇಳಿದ ವಿಮಾನದ ಗಾಲಿ ಮುರಿಯಬಹುದು, ರೆಕ್ಕೆ ನುಗ್ಗಾಗಬಹುದು. ವಿಮಾನವನ್ನು ಮತ್ತೆ ಕಟ್ಟಬಹುದು. ಹೋದ ಪ್ರಾಣವನ್ನು ಮರಳಿ ತರಲಾಗದು.